ಇನ್ನೂರ ನಲವತ್ತು ಹುಲಿಪಟ್ಟೆ ಅಂಗಿ

ನಮ್ಮ ಮನೆಯ ಮಂಚದ ಕೆಳಗೆ ಎರಡು ವರ್ಷ ಮೂರು ತಿಂಗಳು ಒಂದು ಸೈನ್ಯ ಬರಿಮೈಯಲ್ಲಿ ನಿಂತಿತ್ತು. ಇನ್ನೂರ ನಲವತ್ತು ಸಿಪಾಯಿಗಳು. ಒಬ್ಬೊಬ್ಬನೂ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಎತ್ತರ, ಬೂದು ಲೋಹದ ಮೈ, ಹೆಗಲಿಗೆ ಬಂದೂಕು. ಅವರಿಗೆಲ್ಲ ಬಣ್ಣ ಹಚ್ಚಿ ಮುಗಿಸುತ್ತೇನೆ ಎಂದು ನಾಲ್ಕು ಜನರ ಮುಂದೆ ಎದೆ ತಟ್ಟಿ ಹೇಳಿದವನು ನಾನೇ. ಯಾರೂ ಕುತ್ತಿಗೆ ಹಿಡಿದು ಹೇಳಿಸಿರಲಿಲ್ಲ.

ಈ ಆಟದ ವಿಷಯ ಹೇಳಿದರೆ ಜನ ನನ್ನ ಮುಖವನ್ನು ಎರಡು ಸಲ ನೋಡುತ್ತಾರೆ. ಐವತ್ತು ದಾಟಿದ, ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿರುವ, ಬೆಳಿಗ್ಗೆ ಸಂಜೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಗಂಡಸು ಮೇಜಿನ ಮೇಲೆ ಪುಟ್ಟ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ಟೇಪು ಹಿಡಿದು ಅಳೆದು ಮುಂದಕ್ಕೆ ಸರಿಸಿ, ದಾಳ ಉರುಳಿಸಿ ಯುದ್ಧ ಮಾಡುತ್ತಾನೆ ಎಂದರೆ ಯಾರಿಗೆ ತಾನೇ ನಗು ಬಾರದು? ನನ್ನ ಹೆಂಡತಿ ನಗುವುದನ್ನೂ ಬಿಟ್ಟು ಬಹಳ ಕಾಲವಾಗಿತ್ತು. ನಾವು ಐದು ಜನ ಮಾತ್ರ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದೆವು. ನಡೆದುಹೋದ ಯುದ್ಧಗಳನ್ನೇ ಆಡಬೇಕು, ಯಾವ ಪಡೆ ಯಾವ ಬಣ್ಣದ ಅಂಗಿ ತೊಟ್ಟಿತ್ತೋ ಅದೇ ಬಣ್ಣ ಇರಬೇಕು, ಬಣ್ಣ ಹಚ್ಚದ ಸಿಪಾಯಿಗೆ ಮೇಜಿನ ಮೇಲೆ ಜಾಗವಿಲ್ಲ. ಇದು ನಮ್ಮ ಕಾನೂನು.

ಸೇರುತ್ತಿದ್ದದ್ದು ತಿಂಗಳಿಗೊಂದು ಭಾನುವಾರ, ರಾಜಾಜಿನಗರದಲ್ಲಿ ಒಬ್ಬ ನಿವೃತ್ತ ಇಂಜಿನಿಯರ ಮಹಡಿಯ ಮೇಲೆ. ಅವರನ್ನು ನಾವು ಯಜಮಾನರು ಎಂದೇ ಕರೆಯುತ್ತಿದ್ದೆವು. ಬೆಂಗಳೂರು ಕೋಟೆಗೆ ಇಂಗ್ಲಿಷರು ಹಾಕಿದ ಮುತ್ತಿಗೆಯನ್ನು ದೊಡ್ಡದಾಗಿ ಆಡಬೇಕೆಂದು ಅವರಿಗೆ ಆಸೆ. ಕೋಟೆಯನ್ನು ಥರ್ಮಾಕೋಲಿನಲ್ಲಿ ತಾವೇ ಕಟ್ಟುತ್ತೇನೆಂದರು. ಬಸವೇಶ್ವರನಗರದಲ್ಲಿ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರು ಇಂಗ್ಲಿಷರ ಕೆಂಪು ಕೋಟಿನ ಪಡೆ ತಮ್ಮದೆಂದರು. ಮೈಸೂರು ಸೇನೆ ಯಾರದು ಎಂದಾಗ ನನ್ನ ಕೈ ತಾನಾಗಿಯೇ ಮೇಲೆದ್ದಿತು. ನಮ್ಮ ನಾಡಿನ ಸೇನೆ, ಇನ್ನೊಬ್ಬರಿಗೆ ಬಿಡುವುದುಂಟೇ?

ಡಾಕ್ಟರು ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ನಡುವಿನ ಬಿಡುವಿನಲ್ಲೇ ಏಳು ತಿಂಗಳಲ್ಲಿ ಇಡೀ ಪಡೆಗೆ ಬಣ್ಣ ಹಚ್ಚಿ ಮುಗಿಸಿದರು. ಯಜಮಾನರ ಕೋಟೆ ಎದ್ದು ನಿಂತು ಅದರ ಬುರುಜಿನ ಮೇಲೆ ಧೂಳು ಕೂತಿತು. ನನ್ನ ಸೈನ್ಯ ಮಂಚದ ಕೆಳಗೇ ಇತ್ತು.

ನಾನು ಕೆಲಸವನ್ನೇ ಮಾಡಲಿಲ್ಲ ಎಂದಲ್ಲ. ಆರಂಭಶೂರತ್ವದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಮೊದಲ ತಿಂಗಳು ಎಲ್ಲ ಸಿಪಾಯಿಗಳಿಗೂ ಬಿಳಿ ಪ್ರೈಮರ್ ಹೊಡೆದೆ. ವಿಡಿಯೋ ಒಂದರಲ್ಲಿ ಯಾರೋ ವಿದೇಶದ ಮಹಾಶಯ, ಮೊದಲು ಮುಖ, ಅದರಲ್ಲೂ ಕಣ್ಣು ಬರೆದುಬಿಡಿ, ತಪ್ಪಾದರೆ ಒರೆಸುವುದು ಸುಲಭ, ಎಂದು ಹೇಳಿದ್ದ. ಸರಿ, ಮೂರು ತಿಂಗಳು ಕೂತು ಇನ್ನೂರ ನಲವತ್ತು ಮುಖಗಳಿಗೆ ನಾನ್ನೂರ ಎಂಬತ್ತು ಕಣ್ಣು ಬರೆದೆ. ಆಮೇಲೆ ಅಂಗಿ ಬಂತು. ಮೈಸೂರು ಸಿಪಾಯಿಯ ಅಂಗಿಯ ತುಂಬ ಹುಲಿಪಟ್ಟೆ. ನೇರಳೆ ಬಟ್ಟೆಯ ಮೇಲೆ ಸಣ್ಣ ಸಣ್ಣ ಅಲೆಯಂಥ ಬಿಳಿ ಪಟ್ಟೆಗಳು, ಎದೆಗೂ ಬೆನ್ನಿಗೂ ತೋಳಿಗೂ. ಒಂದು ಅಂಗಿ ಮುಗಿಸಲು ನನಗೆ ಒಂದು ಭಾನುವಾರ ಬೇಕಾಯಿತು. ಹನ್ನೊಂದು ಅಂಗಿ ಮುಗಿದ ಮೇಲೆ ಇನ್ನೂರ ಇಪ್ಪತ್ತೊಂಬತ್ತು ಭಾನುವಾರಗಳೆಂದರೆ ಎಷ್ಟು ವರ್ಷ ಎಂದು ಲೆಕ್ಕ ಹಾಕಿದೆ. ಅವತ್ತೇ ಬ್ರಷ್ ಕೆಳಗಿಟ್ಟವನು ಮತ್ತೆ ಎತ್ತಲಿಲ್ಲ.

ಎತ್ತಲಿಲ್ಲ ಎಂದು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಚೇರಿಯಲ್ಲಿ ಕಡತವನ್ನು ಕೂರಿಸಿಟ್ಟು "ಪರಿಶೀಲನೆಯಲ್ಲಿದೆ" ಎನ್ನುವ ವಿದ್ಯೆಯನ್ನು ಇಪ್ಪತ್ತೆಂಟು ವರ್ಷದಿಂದ ಕಲಿತವನು ನಾನು. ಪ್ರತಿ ತಿಂಗಳೂ ಯಜಮಾನರು ಕೇಳುವರು, "ಎಷ್ಟಾಯ್ತು ಸಾರ್?" ನಾನು "ಅರವತ್ತಾಯ್ತು" ಎನ್ನುವೆ. ಮುಂದಿನ ಸಲ ತೊಂಬತ್ತು. ಅದರ ಮುಂದಿನ ಸಲ ಅರ್ಧ ಮುಗಿದಿದೆ.

"ಫೋಟೋ ಕಳ್ಸಿ ಸಾರ್, ನೋಡಣ" ಎಂದರು ಡಾಕ್ಟರು.

"ಎಲ್ಲಾ ಮುಗಿದ್ಮೇಲೆ ಒಟ್ಟಿಗೆ ತೋರಿಸ್ತೀನಿ."

"ನಮ್ ರೋಡಿನ ಮೋರಿ ಕೆಲ್ಸಾನಾದ್ರೂ ಮುಗಿಯತ್ತೆ, ಮೈಸೂರು ಸೈನ್ಯ ಮಾತ್ರ ಹೊರಡಲ್ಲ" ಎಂದು ಅವರು ನಕ್ಕರು. ನಾನೂ ನಕ್ಕೆ. ಆ ನಗು ಎಷ್ಟು ಚುಚ್ಚುತ್ತಿತ್ತೆಂದರೆ, ಮನೆಗೆ ಬಂದು ಸುಮ್ಮನೆ ಹೆಂಡತಿಯ ಮೇಲೆ ರೇಗುತ್ತಿದ್ದೆ. ಅವಳು ಮಂಚದ ಕೆಳಗೆ ಪೊರಕೆ ಹಾಕುವಾಗ ಡಬ್ಬ ಅಲುಗಿತೆಂದು ಒಮ್ಮೆ ಕೂಗಾಡಿದ್ದೂ ಉಂಟು. ಅವಳು ಪೊರಕೆ ಅಲ್ಲೇ ಬಿಟ್ಟು ಹೋದಳು.

ಆ ಸಂಕ್ರಾಂತಿಯ ಹೊತ್ತಿಗೆ ಯಜಮಾನರು ಗಡುವು ಹಾಕಿಬಿಟ್ಟರು. ಮನೆ ಕೆಡವಿ ಹೊಸದಾಗಿ ಕಟ್ಟಿಸುವವರಿದ್ದರು, ಯುಗಾದಿ ಕಳೆದ ಮೇಲಿನ ಭಾನುವಾರವೇ ಯುದ್ಧ, ಆಮೇಲೆ ಆ ಮಹಡಿಯೇ ಇರುವುದಿಲ್ಲ. ಉಳಿದದ್ದು ಎರಡು ತಿಂಗಳ ಮೇಲೆ ಕೆಲವು ದಿನ.

ಸಂಕ್ರಾಂತಿಯ ಸಂಜೆ ಎಳ್ಳುಬೆಲ್ಲ ಕೊಡಲು ಅಕ್ಕ ಲಗ್ಗೆರೆಯಿಂದ ನಮ್ಮ ಗೋವಿಂದರಾಜನಗರದ ಮನೆಗೆ ಬಂದಳು. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಹದಿನೆಂಟು ವರ್ಷ ಒಂದು ಗೌರಿ ಗಣೇಶ ಮಾಡುವ ಶೆಡ್ಡಿನಲ್ಲಿ ಬಣ್ಣದ ಕೆಲಸ ಮಾಡಿಕೊಂಡು ಬದುಕಿದವಳು. ಯುಗಾದಿಯಿಂದ ಗಣೇಶನ ಹಬ್ಬದವರೆಗೆ ಮೂರ್ತಿಗಳು, ಆಮೇಲೆ ದಸರಾ ಗೊಂಬೆಗಳು. ಆ ಸಲ ಮಾತ್ರ ಶೆಡ್ಡಿನ ಮಾಲೀಕ ಬರಬೇಡ ಎಂದುಬಿಟ್ಟಿದ್ದ. ಸ್ಪ್ರೇ ಗನ್ ತರಿಸಿದ್ದನಂತೆ, ಇಬ್ಬರು ಹುಡುಗರು ದಿನಕ್ಕೆ ನೂರು ಮೂರ್ತಿಗೆ ಬಣ್ಣ ಹೊಡೆಯುತ್ತಾರಂತೆ. ಅಕ್ಕ ಅದನ್ನು ಎಳ್ಳುಬೆಲ್ಲದ ಪೊಟ್ಟಣ ಬಿಚ್ಚುತ್ತಲೇ ಹೇಳಿದಳು, ಅಳದೆ.

"ದುಡ್ಡಿಗೇನೋ ಪಿಂಚಣಿ ಬರತ್ತೆ. ಆದ್ರೆ ಕೈ ಸುಮ್ನೆ ಕೂತ್ರೆ ಮರಗಟ್ಟತ್ತೆ ಕಣೋ."

ಹೆಂಡತಿಗೆ ಅಂಥ ಅವಕಾಶ ಸಿಕ್ಕರೆ ಬಿಡುತ್ತಾಳೆಯೇ? "ನಿಮ್ ತಮ್ಮನ ಹತ್ರಾನೂ ಒಂದು ಕಾರ್ಖಾನೆ ಇದೆ, ಕೆಲ್ಸದವರು ಬೇಕಾಗಿದಾರೆ ನೋಡಿ ಅತ್ತಿಗೆ" ಎಂದು ಡಬ್ಬಗಳನ್ನು ಎಳೆದು ಮುಂದಿಟ್ಟಳು.

ಅಕ್ಕ ಕನ್ನಡಕ ಹಾಕಿಕೊಂಡು ಒಬ್ಬ ಸಿಪಾಯಿಯನ್ನು ಎತ್ತಿ ನೋಡಿದಳು. ಆಮೇಲೆ ಇನ್ನೊಬ್ಬನನ್ನು. ಆಮೇಲೆ ಇಡೀ ಡಬ್ಬವನ್ನು. ಅವಳ ಮುಖ ಸಣ್ಣದಾಯಿತು.

"ಅಯ್ಯೋ, ಕಣ್ಣು ಬರೆದುಬಿಟ್ಟಿದೀಯಲ್ಲೋ! ಮೈ ಮೇಲೆ ಬಟ್ಟೆ ಇಲ್ದೆ ಕಣ್ಣು ಬರೀತಾರೇನೋ ಯಾರಾದ್ರೂ?"

ಅವರ ಶೆಡ್ಡಿನಲ್ಲಿ ಕಣ್ಣು ಕಟ್ಟಕಡೆಯ ಕೆಲಸ. ಸೀರೆ, ಪಂಚೆ, ಒಡವೆ, ಕಿರೀಟ ಎಲ್ಲ ಮುಗಿದು, ಮೂರ್ತಿ ಇನ್ನು ಯಾರೆದುರಿಗೂ ಕೂರಬಹುದು ಎನ್ನುವ ಹಾಗಾದ ಮೇಲೆ, ಸ್ನಾನ ಮಾಡಿ ಬಂದು ಕಣ್ಣು ಬರೆಯುವುದು. ಕಣ್ಣು ಬರೆದರೆ ಅದು ನೋಡಲು ಶುರುಮಾಡಿತು ಎಂದೇ ಅರ್ಥ. ನಾನು ಆ ವಿದೇಶದ ಮಹಾಶಯನ ತರ್ಕವನ್ನು ವಿವರಿಸಿದೆ. ಅವಳ ಕಿವಿಗೆ ಬೀಳಲಿಲ್ಲ.

"ಎರಡು ವರ್ಷದಿಂದ ಬೆತ್ತಲೆ ನಿಂತು ನೋಡ್ತಾ ಇದಾವಲ್ಲೋ ಪಾಪ" ಎಂದಳು. ಆಮೇಲೆ ನನ್ನನ್ನು ಕೇಳದೆಯೇ ಮುಚ್ಚಳ ಮುಚ್ಚಿದಳು. "ನಾನು ತಗೊಂಡ್ಹೋಗ್ತೀನಿ. ಯುಗಾದಿಗೆ ಕೊಡ್ತೀನಿ."

ಬೇಡ ಎಂದು ಬಾಯಿಮಾತಿಗಾದರೂ ಹೇಳಿದೆನೇ? ಇಲ್ಲ. ಆ ಕ್ಷಣದಲ್ಲಿ ಆದ ನೆಮ್ಮದಿ ಎಷ್ಟಿತ್ತೆಂದರೆ ಡಬ್ಬಗಳನ್ನು ನಾನೇ ಹೊತ್ತು ಆಟೋಗೆ ಇಟ್ಟುಬಂದೆ. ಏನಾದರೂ ಕೊಡಬೇಕಲ್ಲ ಎಂದು ರಾಗ ತೆಗೆದದ್ದಕ್ಕೆ ಬೈದಳು. ಆಟೋದೊಳಗೆ ಕೂತು, ಮಡಿಲಲ್ಲಿ ಡಬ್ಬ ಹಿಡಿದುಕೊಂಡು ಒಂದೇ ಒಂದು ಮಾತು ಕೇಳಿದಳು.

"ನಿಮ್ಮವರು ನೋಡಿ, ಯಾರು ಮಾಡಿದ್ದು ಅಂತ ಕೇಳಿದ್ರೆ ನನ್ನ ಹೆಸರು ಹೇಳೋ. ಯಾರಿಗಾದ್ರೂ ಇಂಥದ್ದು ಮಾಡಿಸೋದಿದ್ರೆ ನನಗೂ ಕೈಗೆ ಕೆಲ್ಸ ಆಗತ್ತೆ."

"ಹೇಳ್ದೆ ಇರ್ತೀನೇನಕ್ಕ" ಎಂದೆ.

ಮುಂದಿನ ಎರಡು ತಿಂಗಳಲ್ಲಿ ನಾಲ್ಕು ಸಲ ಲಗ್ಗೆರೆಗೆ ಹೋಗಿಬಂದೆ. ಮೇಲ್ವಿಚಾರಣೆ ಮಾಡುವವನ ಗತ್ತಿನಲ್ಲೇ ಹೋದೆ. ಅಕ್ಕನ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಗೆಯುವಷ್ಟು ಜಾಗದ ಒಂದು ಬಾಲ್ಕನಿ. ಆ ಬಾಲ್ಕನಿಯ ಬೆಳಕಿನಲ್ಲಿ ಮಣೆ ಹಾಕಿ ಕೂತಿರುತ್ತಿದ್ದಳು. ನಾನು ಐದೈದು ಸಿಪಾಯಿಗಳನ್ನು ತೆಗೆದುಕೊಂಡು ಬೂಟಿನಿಂದ ಟೋಪಿಯವರೆಗೆ ಒದ್ದಾಡುತ್ತಿದ್ದೆ. ಅವಳು ಬಡಗಿಯ ಹತ್ತಿರ ಉದ್ದನೆಯ ಮರದ ರೀಪರ್ ಪಟ್ಟಿಗಳನ್ನು ತಂದು, ಒಂದೊಂದಕ್ಕೆ ಹತ್ತೊಂಬತ್ತೋ ಇಪ್ಪತ್ತೋ ಸಿಪಾಯಿಗಳನ್ನು ಮೇಣದಲ್ಲಿ ಅಂಟಿಸಿ, ಹನ್ನೆರಡು ಪಟ್ಟಿ ಸಾಲಾಗಿಟ್ಟುಕೊಂಡಿದ್ದಳು. ಇವತ್ತು ನೇರಳೆ ಎಂದರೆ ಇನ್ನೂರ ಇಪ್ಪತ್ತೊಂಬತ್ತಕ್ಕೂ ನೇರಳೆ. ನಾಳೆ ಸೊಂಟಪಟ್ಟಿ ಎಂದರೆ ಎಲ್ಲರಿಗೂ ಸೊಂಟಪಟ್ಟಿ. ಪಟ್ಟೆ ಎಳೆಯುವಾಗ ಬ್ರಷ್ಷು ಹಿಡಿದ ಕೈ ಅಲುಗುತ್ತಲೇ ಇರಲಿಲ್ಲ, ಎಡಗೈಯಲ್ಲಿ ಪಟ್ಟಿಯನ್ನು ಸರಿಸುತ್ತಾ ತಿರುಗಿಸುತ್ತಾ ಇದ್ದಳು. ರೊಟ್ಟಿ ತಟ್ಟುವವರು ರೊಟ್ಟಿಯನ್ನು ತಿರುಗಿಸುವ ಹಾಗೆ. ಒಂದು ಅಂಗಿಗೆ ನನಗೆ ಒಂದು ಭಾನುವಾರ, ಅವಳಿಗೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು.

ನಾನು ಹೊರದೇಶದಿಂದ ತರಿಸಿದ್ದ ಬಣ್ಣದ ಪುಟಾಣಿ ಬಾಟಲಿಗಳನ್ನು ನೋಡಿ ನಕ್ಕಿದ್ದಳು. "ಇದೇನೋ, ಕಣ್ಣಿಗೆ ಬಿಡೋ ಡ್ರಾಪ್ಸಾ?"

ಮೊದಲ ಸಲ ಹೋದಾಗಲೇ ಒಂದು ವಿಷಯ ನೋಡಿ ನನಗೆ ಪಿಚ್ಚೆನಿಸಿತು. ನಾನು ಬರೆದಿದ್ದ ಕಣ್ಣುಗಳೆಲ್ಲ ಮಾಯವಾಗಿದ್ದವು. ಮೈಬಣ್ಣ ಬಳಿದು ಎಲ್ಲವನ್ನೂ ಮುಚ್ಚಿಬಿಟ್ಟಿದ್ದಳು. ಮೂರು ತಿಂಗಳ ಕೆಲಸ ಅಲ್ಲಿಗೆ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಗೊಣಗಿದೆ.

"ನೀನು ಮುಗಿಸಿದ ಹನ್ನೊಂದನ್ನ ಮುಟ್ಟಿಲ್ಲ ಕಣೋ. ನಿನ್ನ ಗುರುತಿಗೆ ಹಾಗೇ ಇರ್ಲಿ" ಎಂದಳು. ಸಮಾಧಾನಕ್ಕೆಂದೇ ಹೇಳಿದ್ದು. ನನಗೆ ಅದೂ ನಾಟಿತು.

ಯುಗಾದಿಯ ಹಿಂದಿನ ಭಾನುವಾರ ಕಣ್ಣು ಬರೆಯುವ ದಿನ ಎಂದು ಫೋನು ಮಾಡಿದಳು. ಮೂರ್ತಿ ಮಾಡಿಸಿದವರು ಆ ಹೊತ್ತಿಗೆ ಎದುರಿಗಿರಬೇಕು, ಕಣ್ಣು ಬಿಟ್ಟ ಕೂಡಲೇ ಅದು ತನ್ನ ಮನೆಯವರನ್ನು ನೋಡಬೇಕು ಎನ್ನುವುದು ಅವಳು ಹದಿನೆಂಟು ವರ್ಷ ಪಾಲಿಸಿದ್ದ ಪದ್ಧತಿ. "ಹತ್ತು ಗಂಟೆಗೆ ಬಾ. ಪಾಯಸ ಮಾಡಿರ್ತೀನಿ" ಎಂದಳು. ಕಚೇರಿಯಲ್ಲಿ ವರ್ಷದ ಕೊನೆಯ ಕೆಲಸ, ಭಾನುವಾರವೂ ಹೋಗಬೇಕು ಎಂದೆ. ಹೋಗಬೇಕಿರಲಿಲ್ಲ. ಸೋಫಾದ ಮೇಲೆ ಒರಗಿ ಟಿವಿಯಲ್ಲಿ ಕ್ರಿಕೆಟ್ ನೋಡಿದೆ. ಲಗ್ಗೆರೆಯವರೆಗೆ ಬಿಸಿಲಲ್ಲಿ ಸ್ಕೂಟರ್ ಹೊಡೆಯಲು ಸೋಮಾರಿತನ, ಅಷ್ಟೇ. ಪಾಯಸ ಮಾಡಿ ಒಬ್ಬಳೇ ಕೂತು ನಾನ್ನೂರ ಐವತ್ತೆಂಟು ಕಣ್ಣು ಬರೆದಳು.

ಯುದ್ಧದ ಭಾನುವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಬರಲು ಹೋದೆ. ಡಬ್ಬಗಳನ್ನು ಮಡಿಲಲ್ಲಿ ಹಿಡಿದುಕೊಂಡು ಹಿಂದೆ ಕೂರಲು ಯಾರಾದರೂ ಬೇಕಿತ್ತು, ಅವಳಿಗೂ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದ್ದನ್ನು ಒಂದು ಸಲ ನೋಡಬೇಕಿತ್ತು. ಮದುವೆಗೆ ಉಡುವ ಮೈಸೂರು ಸಿಲ್ಕ್ ಉಟ್ಟು, ಹೂ ಮುಡಿದು, ಹೆಗಲಿಗೆ ವ್ಯಾನಿಟಿ ಬ್ಯಾಗು ಹಾಕಿ ನಿಂತಿದ್ದಳು. ಇದೇನು ಇಷ್ಟು ಅಲಂಕಾರ ಎಂದು ಛೇಡಿಸಿದೆ. "ದೊಡ್ಡವರ ಮನೆಗೆ ಹೋಗ್ತಿರೋದಲ್ವೇನೋ" ಎಂದಳು.

ಲಗ್ಗೆರೆ ಬ್ರಿಡ್ಜ್ ದಾಟುವಾಗ ಹಂಪು ಬಂದಲ್ಲೆಲ್ಲ "ಮೆಲ್ಲಗೆ ಕಣೋ, ಮೆಲ್ಲಗೆ" ಎನ್ನುತ್ತಿದ್ದಳು. ಮಹಾಲಕ್ಷ್ಮಿ ಲೇಔಟ್ ದಾಟುವವರೆಗೂ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಇವರು ನಮ್ಮಕ್ಕ, ಎಲ್ಲ ಇವರೇ ಮಾಡಿದ್ದು. ಎರಡೇ ಎರಡು ವಾಕ್ಯ. ಹೇಳಿಯೇ ಬಿಡುತ್ತೇನೆ ಎಂದುಕೊಂಡಿದ್ದೆ, ಇದು ಸತ್ಯ. ಆದರೆ ಅದರ ಹಿಂದೆಯೇ ಇನ್ನೊಂದು ಮಾತೂ ಬರುತ್ತಿತ್ತು. ಹಾಗಾದರೆ ಅರವತ್ತು, ತೊಂಬತ್ತು, ಅರ್ಧ ಎಂದು ಎರಡು ವರ್ಷ ಹೇಳಿದ್ದೆಲ್ಲ ಏನು?

ಮಹಡಿಯ ಮೇಲೆ ಮೇಜು ಸಿದ್ಧವಾಗಿತ್ತು. ಹಸಿರು ಬಟ್ಟೆ, ನಡುವೆ ಥರ್ಮಾಕೋಲಿನ ಕೋಟೆ, ಆಚೆ ಡಾಕ್ಟರ ಕೆಂಪು ಪಡೆ. ನಾನು ಮೆಟ್ಟಿಲು ಹತ್ತುತ್ತಲೇ, "ನಮ್ಮಕ್ಕ. ಡಬ್ಬ ಹಿಡ್ಕೊಳ್ಳೋಕೆ ಬಂದ್ರು" ಎಂದೆ. ಮೊದಲ ವಾಕ್ಯ ಸರಿಯಾಗಿಯೇ ಬಂತು. ಎರಡನೆಯದು ಹಾಗೆ ಹೊರಬಿತ್ತು. ಅಕ್ಕ ಎಲ್ಲರಿಗೂ ಕೈ ಮುಗಿದಳು. ಯಜಮಾನರು ಕುರ್ಚಿ ಹಾಕಿಸಿದರೂ ಕೂರಲಿಲ್ಲ, ಗೋಡೆ ಪಕ್ಕ ನಿಂತೇ ಇದ್ದಳು.

ಡಬ್ಬ ತೆರೆದು ಸಾಲು ಸಾಲಾಗಿ ನಿಲ್ಲಿಸಿದೆ. ನಾಲ್ಕೂ ಜನ ಮೇಜಿನ ಹತ್ತಿರ ಬಂದರು. ಇನ್ನೂರ ನಲವತ್ತು ಹುಲಿಪಟ್ಟೆ ಅಂಗಿಗಳು ಕೋಟೆಯ ಮುಂದೆ ನಿಂತಾಗ ನನಗೇ ಮೈ ಜುಮ್ಮೆಂದಿತು. ಒಬ್ಬೊಬ್ಬ ಸಿಪಾಯಿಯ ನೋಟವೂ ಒಂದೊಂದು ಕಡೆ. ಒಬ್ಬ ಪಕ್ಕದವನನ್ನು ನೋಡುತ್ತಿದ್ದ, ಒಬ್ಬ ಹೆದರಿದ್ದ, ಒಬ್ಬನಿಗೆ ನಿದ್ದೆ ಬಂದಂತಿತ್ತು.

"ಸಾರ್, ಇದನ್ನ ನೀವಾ ಮಾಡಿದ್ದು?" ಎಂದರು ಯಜಮಾನರು.

ಅಕ್ಕ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಅದನ್ನು ಕಣ್ಣಂಚಿನಲ್ಲಿ ನೋಡಿದೆ. ನೋಡಿಯೂ, "ಮತ್ತಿನ್ಯಾರು ಸಾರ್? ಎರಡು ವರ್ಷ ಕೂತಿದೀನಿ" ಎಂದೆ.

ಯಾರೋ ಚಪ್ಪಾಳೆ ತಟ್ಟಿದರು. ಡಾಕ್ಟರು ಕ್ಲಿನಿಕ್ಕಿನಿಂದ ತಂದಿದ್ದ, ಹಲ್ಲು ನೋಡುವ ಭೂತಗನ್ನಡಿಯನ್ನು ಹಣೆಗೆ ಕಟ್ಟಿಕೊಂಡು ಮೇಜಿನ ಮೇಲೆ ಬಗ್ಗಿದರು. ಹಿಂದಿನ ಸಾಲಿನಲ್ಲಿ ನಾನು ಬಚ್ಚಿಟ್ಟಿದ್ದ ಹನ್ನೊಂದು ಸಿಪಾಯಿಗಳು ಅವರ ಕಣ್ಣಿಗೆ ಬಿದ್ದರು.

"ಇವು ಶುರೂನಲ್ಲಿ ಮಾಡಿದ್ದಲ್ವಾ ಸಾರ್? ಗೊತ್ತಾಗತ್ತೆ. ಇಲ್ಲಿಂದ ಇಲ್ಲಿಗೆ ಎಷ್ಟು ಇಂಪ್ರೂವ್ ಆಗಿದೀರಾ! ಕೈ ಹೇಗೆ ಪಳಗಿದೆ ನೋಡಿ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ಮಾಡ್ತಾ ಮಾಡ್ತಾ ಬರತ್ತೆ" ಎಂದೆ.

ಅವರು ಬಾವುಟ ಹಿಡಿದವನನ್ನು ಎತ್ತಿ ಕನ್ನಡಿಯ ಹತ್ತಿರ ತಂದರು. "ಇದೇನು ಸಾರ್ ಇವನ ಕೆನ್ನೆ ಮೇಲೆ? ಒಂದು ಕಪ್ಪು ಚುಕ್ಕೆ ಇದೆ. ಇವನೊಬ್ಬನಿಗೇ ಇದೆ."

ನಾನು ಅದನ್ನು ಅದುವರೆಗೆ ನೋಡಿಯೇ ಇರಲಿಲ್ಲ. ನನ್ನದೆಂದು ಹೇಳಿಕೊಂಡ ಕೆಲಸವನ್ನು ಒಂದು ಸಲವಾದರೂ ಸರಿಯಾಗಿ ನೋಡಿರಲಿಲ್ಲ. "ಅದು... ಸಿಡುಬಿನ ಕಲೆ. ಆ ಕಾಲದಲ್ಲಿ ಸಿಡುಬು ಜಾಸ್ತಿ ಇತ್ತಲ್ಲ" ಎಂದು ಏನೋ ಒದರಿದೆ.

"ದೃಷ್ಟಿ ಬೊಟ್ಟು" ಎಂದಳು ಅಕ್ಕ.

ಎಲ್ಲರೂ ತಿರುಗಿದರು. ಅವಳ ಬಾಯಿಂದ ಅದು ತಾನಾಗಿ ಬಂದುಬಿಟ್ಟಿತ್ತು. ಒಂದು ಸೆಟ್ಟು ಗೊಂಬೆ ಚೆನ್ನಾಗಿ ಬಂತೆಂದರೆ, ಕಣ್ಣು ತಾಗದಿರಲಿ ಎಂದು ಒಂದಕ್ಕೆ ದೃಷ್ಟಿ ಬೊಟ್ಟು ಇಡುವುದು ಅವರ ಶೆಡ್ಡಿನ ವಾಡಿಕೆ. ಅದು ಕೆಲಸ ಮಾಡಿದವರಿಗೆ ಮಾತ್ರ ಗೊತ್ತಿರುವ ಸಂಗತಿ. ಡಾಕ್ಟರು ಕನ್ನಡಿಯನ್ನು ಹಣೆಗೆ ಏರಿಸಿ ಒಂದು ಸಲ ಅವಳನ್ನೂ ಒಂದು ಸಲ ನನ್ನನ್ನೂ ನೋಡಿದರು. ಈಗಲಾದರೂ ಹೇಳಬಹುದಿತ್ತು. ಬಾಗಿಲು ತೆರೆದೇ ಇತ್ತು, ನಾನು ಹೊಸಿಲು ದಾಟಬೇಕಿತ್ತು, ಅಷ್ಟೇ.

ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ.

"ನಮ್ಮಮ್ಮ ಇವನಿಗೆ ಚಿಕ್ಕಂದಿನಲ್ಲಿ ದಿನಾ ಇಡ್ತಿದ್ರು. ಅದೇ ಅಭ್ಯಾಸ ನೋಡಿ ಇವನಿಗೆ" ಎಂದು ನಕ್ಕಳು. "ಮೊದಲಿಂದಾನೂ ಬಹಳ ತಾಳ್ಮೆ ಇವನಿಗೆ. ಏನಾದ್ರೂ ಹಿಡಿದ್ರೆ ಮುಗಿಸೋ ತನಕ ಬಿಡಲ್ಲ."

ಎಲ್ಲರೂ ನಕ್ಕರು. ಡಾಕ್ಟರು ತಮ್ಮ ಹತ್ತಿರ ನೂರು ಕುದುರೆ ಸವಾರರಿದ್ದಾರೆ, ಮೂರು ವರ್ಷದಿಂದ ಮುಟ್ಟಿಲ್ಲ, ದಯವಿಟ್ಟು ಮಾಡಿಕೊಡಿ, ಏನು ಹೇಳಿದರೆ ಅದನ್ನು ಕೊಡುತ್ತೇನೆ ಎಂದರು. ಇನ್ನೊಬ್ಬರು ತಮ್ಮದೂ ಒಂದು ಪಡೆ ಇದೆ ಎಂದರು. ಅಕ್ಕ ಅಲ್ಲೇ ನಿಂತು ಕೇಳುತ್ತಿದ್ದಳು.

"ಎಲ್ಲಿ ಟೈಮ್ ಸಾರ್" ಎಂದೆ.

ಯಜಮಾನರ ಹೆಂಡತಿ ತಂದುಕೊಟ್ಟ ಕಾಫಿ ಕುಡಿದು ಅಕ್ಕ, ತಾನು ಬಸ್ಸಿನಲ್ಲಿ ಹೋಗುತ್ತೇನೆ, ನೀನು ಆಡು ಎಂದಳು. ಅಷ್ಟಾದರೂ ಮಾನ ಉಳಿದಿತ್ತು, ಆಟ ಶುರುವಾಗುವ ಮೊದಲು ಅವಳನ್ನು ಬಿಟ್ಟುಬರುತ್ತೇನೆ ಎಂದು ಹೊರಟೆ. ದಾರಿಯುದ್ದಕ್ಕೂ ಅವಳು ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ಏನಾದರೂ ತಿರುಗಿ ಹೇಳಿ, ಜಗಳವಾಡಿ, ಹಗುರಾಗುತ್ತಿದ್ದೆ. ಅವಳು ಯಜಮಾನರ ಮನೆಯ ಮೊಸಾಯಿಕ್ ನೆಲವನ್ನು ಹೊಗಳಿದಳು, ಅಂಥ ಮನೆ ಕೆಡವುತ್ತಾರಲ್ಲ ಎಂದು ನೊಂದುಕೊಂಡಳು.

ಮನೆಯ ಮುಂದೆ ಇಳಿದು ಬೀಗದ ಕೈಗೆಂದು ಬ್ಯಾಗಿನಲ್ಲಿ ತಡಕಾಡಿದಳು. ಸಿಗಲಿಲ್ಲ. ಒಳಗಿದ್ದದ್ದನ್ನೆಲ್ಲ ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟಳು. ಕನ್ನಡಕದ ಡಬ್ಬಿ, ಕರ್ಚೀಫು, ಮಾತ್ರೆಯ ಪಟ್ಟಿ, ಆಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಸಣ್ಣ ಕಟ್ಟು. ಹಳೆಯ ಮದುವೆ ಕಾಗದಗಳನ್ನು ವಿಸಿಟಿಂಗ್ ಕಾರ್ಡಿನಷ್ಟು ಕತ್ತರಿಸಿ, ಹಿಂಬದಿಯ ಬಿಳಿಯ ಮೇಲೆ ತನ್ನ ಹೆಸರು, ಫೋನ್ ನಂಬರು, "ಗೊಂಬೆಗಳಿಗೆ ಬಣ್ಣ ಹಚ್ಚಿ ಕೊಡಲಾಗುವುದು" ಎಂದು ಬ್ರಷ್ಷಿನಲ್ಲೇ ದುಂಡಗೆ ಬರೆದಿದ್ದಳು. ಅಂಚಿಗೆ ಹುಲಿಪಟ್ಟೆ ಎಳೆದಿದ್ದಳು. ನಾಲ್ಕು ಕಾರ್ಡು. ನಾವು ಐದು ಜನ ಎಂದು ಅವಳಿಗೆ ಗೊತ್ತಿತ್ತು, ನನ್ನನ್ನು ಕಳೆದು ನಾಲ್ಕು.

ನಾನು ಓದಿದೆನೆಂದು ಅವಳಿಗೆ ತಿಳಿಯಿತು. ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಬ್ಯಾಗಿಗೆ ಹಾಕಿದಳು. "ಬೀಗದ ಕೈ ಸಿಕ್ತು. ಹೋಗು, ನಿನಗೆ ಲೇಟಾಗತ್ತೆ" ಎಂದಳು.

ಹೋದೆ. ಮೂರು ಗಂಟೆ ದಾಳ ಉರುಳಿಸಿದೆ. ನನ್ನ ಸೇನೆ ಗೆದ್ದಿತೋ ಸೋತಿತೋ, ನಿಜವಾಗಿಯೂ ನೆನಪಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಮಾನ ಹೋದದ್ದು ಯಾರಿಗೂ ಗೊತ್ತೇ ಆಗಲಿಲ್ಲ, ಅದೇ ತೊಂದರೆ. ಗುಂಪಿನಲ್ಲಿ ನನ್ನ ಬೆಲೆ ಏರಿತು. ಡಾಕ್ಟರಿಗೆ ನಿಜ ಹೇಳಬೇಕೆಂದು ಫೋನಿನಲ್ಲಿ ಎಷ್ಟೋ ಸಲ ಬರೆದು ಅಳಿಸಿದೆ. ಮಳೆಗಾಲದ ಹೊತ್ತಿಗೆ ಅವರು ತಮ್ಮ ಕುದುರೆ ಸವಾರರನ್ನು ಬೇರೆ ಊರಿನ ಯಾರಿಗೋ ಕೊರಿಯರ್ ಮಾಡಿದರೆಂದು ತಿಳಿಯಿತು. ಅಕ್ಕ ಈಗ ಪೀಣ್ಯದ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿದ ಅಂಗಿಗಳ ದಾರ ಕತ್ತರಿಸುವ ಕೆಲಸಕ್ಕೆ ಹೋಗುತ್ತಾಳೆ. ದಿನವಿಡೀ ನಿಂತೇ ಇರಬೇಕು. ಕೈಗೆ ಕೆಲಸ ಸಿಕ್ಕಿತಲ್ಲ ಎನ್ನುತ್ತಾಳೆ. ಸಿಪಾಯಿಗಳ ವಿಷಯ ಅವಳಾಗಿ ಎತ್ತಿಲ್ಲ.

ಇದನ್ನು ಬರೆಯಲು ಕೂತದ್ದು ಆ ಎರಡನೆಯ ವಾಕ್ಯವನ್ನು ಎಲ್ಲಾದರೂ ಒಂದು ಕಡೆ ಹೇಳಿಬಿಡಬೇಕೆಂದು. ಬರೆದು ಮುಗಿಸಿ, ಒಂದು ಭಾನುವಾರ ಲಗ್ಗೆರೆಗೆ ಹೋಗಿ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೇಳಿದಳು. ಪಾಯಸದ ವಿಷಯ ಬಂದಾಗ, "ಅವತ್ತು ಮ್ಯಾಚ್ ಇತ್ತು ಅಂತ ನನಗೆ ಗೊತ್ತಿತ್ತು ಬಿಡೋ" ಎಂದಳು. ಕೊನೆಗೆ, ಇದರಲ್ಲಿ ನಿನ್ನ ಹೆಸರು ಹಾಕಲೇ ಅಕ್ಕ, ಪೂರ್ತಿ ಹೆಸರು, ಎಂದು ಕೇಳಿದೆ.

ಸುಲಿದ ಕಾಳನ್ನು ಬಟ್ಟಲಿಗೆ ಹಾಕಿದಳು.

"ಬೇಡ ಕಣೋ. ನನ್ನ ಹೆಸರು ಹಾಕಿದ್ರೆ ನೀನ್ಯಾರು ಅಂತ ಎಲ್ಲರಿಗೂ ಗೊತ್ತಾಗ್ಬಿಡತ್ತೆ. ನಿನ್ನ ಮರ್ಯಾದೆ ಹೋಗತ್ತೆ."

ಹೋದರೆ ಹೋಗಲಿ ಅಕ್ಕ ಎನ್ನಬಹುದಿತ್ತು. ಅವಳು ಅವರೆಕಾಯಿ ಬಿಟ್ಟು ನನ್ನ ಮುಖ ನೋಡುತ್ತಿದ್ದಳು, ಬಹುಶಃ ಆ ಮಾತಿಗೇ ಕಾಯುತ್ತಿದ್ದಳು. ನಾನು "ಸರಿ" ಎಂದೆ. ಹಾಗೆಂದಾಗ ನನ್ನ ಎದೆ ಹಗುರಾಯಿತು. ಅದನ್ನೂ ಬರೆದುಬಿಡುತ್ತಿದ್ದೇನೆ, ಯಾಕೆಂದರೆ ಇಷ್ಟು ಹೊತ್ತು ಹೇಳಿದ್ದೆಲ್ಲಕ್ಕಿಂತ ಅದೇ ನನಗೆ ಹೆಚ್ಚು ನಾಚಿಕೆ.